ಮೌಶಿಯ ಸ್ಕ್ಯಾನ್, ಅಕ್ಕನ ಉಡಿ

ಮಾರ್ಚ್ ತಿಂಗಳ ಎರಡನೇ ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಅವತ್ತಿನ ನನ್ನ ದಿನಚರಿಯ ಮೊದಲ ಸಾಲು ಹೀಗಿದೆ: ‘ತಾಮ್ರದ ತಂಬಿಗೆ ಇನ್ನೂ ಸಿಕ್ಕಿಲ್ಲ.’

ತಂಬಿಗೆ ಹುಡುಕುತ್ತಿದ್ದವಳು ಮೌಶಿ, ನಮ್ಮ ಅವ್ವನ ತಂಗಿ. ಮದುವೆಯಾಗಿ ಧಾರವಾಡದಿಂದ ಲಂಡನ್ನಿನ ಸಟನ್‌ಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನಾನು ಓದಲೆಂದು ಬಂದು ಆಕೆಯ ಮನೆಯ ಹಿಂದಿನ ಕೋಣೆಯಲ್ಲಿ ಇಳಿದುಕೊಂಡವಳು, ಓದು ಮುಗಿದು ಕೌನ್ಸಿಲ್ ಕಚೇರಿಯಲ್ಲಿ ಕೆಲಸ ಸಿಕ್ಕ ಮೇಲೂ ಅಲ್ಲೇ ಉಳಿದಿದ್ದೇನೆ. ಅವತ್ತು ಮೌಶಿಗೆ ಆಸ್ಪತ್ರೆಯಲ್ಲಿ ಬೋನ್ ಸ್ಕ್ಯಾನ್ ಇತ್ತು. ನೀರು ಚೆನ್ನಾಗಿ ಕುಡಿಯಬೇಕೆಂದು ಪತ್ರದಲ್ಲಿ ಬರೆದಿದ್ದರು. ಹೊರಗಿನ ಲೋಟಕ್ಕೆ ಮೌಶಿ ಬಾಯಿ ಹಚ್ಚುವುದಿಲ್ಲ. ಅದಕ್ಕಾಗಿ ತಂಬಿಗೆ.

“ಬಾಟಲಿ ಒಯ್ಯಿ, ಏನೂ ಆಗೂದಿಲ್ಲ,” ಎಂದರು ಕಾಕಾ.

ಕಾಕಾ ಮೌಶಿಯ ಗಂಡ, ನಿವೃತ್ತ ಡಾಕ್ಟರು. ಆಪರೇಷನ್ನಿಗೆ ಮುಂಚೆ ಜನರಿಗೆ ನಿದ್ದೆ ಬರಿಸುವುದು ಅವರ ಕೆಲಸವಾಗಿತ್ತು. ನಿದ್ದೆ ಬರಿಸುವ ಮೊದಲು ಎಲ್ಲರಿಗೂ ಹೇಳುತ್ತಿದ್ದ ‘ಏನೂ ಆಗೂದಿಲ್ಲ’ ಎಂಬ ಮಾತು ನಾಲಿಗೆಯಲ್ಲೇ ನಿಂತುಬಿಟ್ಟಿದೆ. ಬಾಯ್ಲರ್ ಗೊರಗೊರ ಎಂದಾಗ ಏನೂ ಆಗೂದಿಲ್ಲ ಎಂದರು. ಮರುದಿನ ಅಡುಗೆಮನೆಯ ತುಂಬ ನೀರು. ಚಾವಣಿಯ ಹಂಚು ಅಲುಗಿದಾಗಲೂ ಹಾಗೇ ಎಂದರು. ಅದು ಪಕ್ಕದ ಮನೆಯವರ ಗ್ರೀನ್‌ಹೌಸ್ ಮೇಲೆ ಬಿತ್ತು. ಈ ಮನೆಗೆ ಬಂದಾಗಿನಿಂದ ನಾನು ಲೆಕ್ಕ ಇಟ್ಟಿದ್ದೇನೆ. ಹನ್ನೊಂದು ಸಲ ಹೇಳಿದ್ದರಲ್ಲಿ ಏಳು ಸಲ ಏನಾದರೂ ಆಗಿದೆ. ಹೀಗೆ ಲೆಕ್ಕ ಇಡುವುದಕ್ಕೇ ಕಾಕಾ ನನಗೆ ‘ಆಡಿಟರ್’ ಎಂದು ಹೆಸರಿಟ್ಟಿದ್ದಾರೆ.

ಮೌಶಿಯ ಪಾದದ ನೋವು ತಿಂಗಳುಗಟ್ಟಲೆ ಹಳೆಯದು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಬೋನ್ ಸ್ಕ್ಯಾನಿಗೆ ಬರೆದಿದ್ದರು. ಕಾದು ಕಾದು ಕೊನೆಗೆ ಬಂದ ತಾರೀಖು ಈ ಶುಕ್ರವಾರವೇ ಆಗಿದ್ದು ತೊಂದರೆಗೆ ಬಂತು. ಏಕೆಂದರೆ ಮರುದಿನ ಶನಿವಾರ ನಮ್ಮ ಅಕ್ಕನ ಕುಬಸ.

ಬೆಂಗಳೂರು, ಮೈಸೂರಿನವರು ಸೀಮಂತ ಎನ್ನುವುದಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ, ಅಂದರೆ ರವಿಕೆಯ, ಖಣ ತಂದು ಬಸುರಿಯ ಉಡಿ ತುಂಬಬೇಕು. ಅಕ್ಕ ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡ್‌ನಲ್ಲಿ ಭಾವನ ಜೊತೆ ಇರುತ್ತಾಳೆ. ಭಾವ ಮೈಸೂರಿನವರು. ಧಾರವಾಡದಿಂದ ಬರಬೇಕಾಗಿದ್ದ ಅವ್ವನಿಗೆ ವೀಸಾ ಸಿಗಲಿಲ್ಲ. ಹಾಗಾಗಿ ಈ ಊರಿನಲ್ಲಿ ಅಕ್ಕನಿಗೆ ತವರು ಎಂದರೆ ಮೌಶಿಯೊಬ್ಬಳೇ. ಶನಿವಾರ ಸರಿಯಲ್ಲವೆಂದು ಅವ್ವ ಫೋನಿನಲ್ಲಿ ಗೊಣಗಿದಾಗ ಮೌಶಿ, “ಲಂಡನ್‌ನಾಗ ಆಫೀಸಿಗೆ ಸೂಟಿ ಇದ್ದದ್ದ ಮುಹೂರ್ತ,” ಎಂದು ಬಾಯಿ ಮುಚ್ಚಿಸಿದ್ದಳು.

ಆಸ್ಪತ್ರೆಯ ಪತ್ರದ ಜೊತೆ ಒಂದು ಹಾಳೆ ಇತ್ತು. ನಾನೇ ಅದನ್ನು ಮೌಶಿಗೆ ಓದಿ ಹೇಳಿದ್ದೆ. ಸೂಜಿಯ ಮೂಲಕ ಮೈಯೊಳಗೆ ವಿಕಿರಣ ಸೂಸುವ ಒಂದು ಔಷಧ ಹಾಕುತ್ತಾರೆ. ಅದು ಮೂಳೆಯಲ್ಲಿ ಕೂರುತ್ತದೆ. ಆ ದಿನ ಪೂರ್ತಿ ಬಸುರಿಯರಿಂದ, ಸಣ್ಣ ಮಕ್ಕಳಿಂದ ದೂರ ಇರಬೇಕು, ಹತ್ತಿರ ಬಹಳ ಹೊತ್ತು ಕೂರಬಾರದು. ಮರುದಿನದಿಂದ ಯಾವ ಕಟ್ಟೂ ಇಲ್ಲ.

“ದೂರ ಇರೂದಲ್ಲಾ? ಅದನ್ನ ನನಗ ಇವರು ಕಲಸ್ತಾರೇನು!” ಎಂದು ಮೌಶಿ ನಕ್ಕಿದ್ದಳು. “ದಿನಾ ಮುಂಜಾನೆ ಅದನ್ನ ಮಾಡತೀನಿ.”

ಅದು ನಿಜ. ಮೌಶಿ ದಿನಾ ಮಿಂದು ಮಡಿ ಉಟ್ಟರೆ ಪೂಜೆ ಮುಗಿಯುವವರೆಗೆ ಆಕೆಯನ್ನು ಯಾರೂ ಮುಟ್ಟುವಂತಿಲ್ಲ. ಆಗ ಆಕೆ ಕೈಯಿಂದ ಕೈಗೆ ಏನನ್ನೂ ಕೊಡುವುದಿಲ್ಲ. ನೆಲದ ಮೇಲೆ ಇಡುತ್ತಾಳೆ, ನಾವು ಎತ್ತಿಕೊಳ್ಳಬೇಕು. ಪಾರ್ಸೆಲ್ ತಂದ ಹುಡುಗನಿಗೂ “ಕೆಳಗ ಇಡಪಾ” ಎಂದು ಕನ್ನಡದಲ್ಲೇ ಹೇಳುತ್ತಾಳೆ. ಅವನೂ ಇಡುತ್ತಾನೆ. ಈ ಮನೆಯಲ್ಲಿ ನಾನು ಮರೆತು ಮೂರು ಸಲ ಮುಟ್ಟಿ, ಮೂರು ಸಲ ಆಕೆಗೆ ಮತ್ತೆ ಸ್ನಾನ ಮಾಡಿಸಿದ್ದೇನೆ. ತಾರೀಖುಗಳು ನನ್ನ ಹತ್ತಿರ ಇವೆ.

ತಂಬಿಗೆ ಕೊನೆಗೆ ತುಳಸಿ ಕುಂಡದ ಹಿಂದೆ ಸಿಕ್ಕಿತು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ನ್ಯೂಕ್ಲಿಯರ್ ಮೆಡಿಸಿನ್ ಎಂದು ಬೋರ್ಡು ಹಾಕಿದ್ದ ವಿಭಾಗದ ಮುಂದೆ ನಿಂತಿದ್ದೆವು.

ಒಳಗಿದ್ದ ಹುಡುಗಿಗೆ ನನ್ನದೇ ವಯಸ್ಸು ಇರಬಹುದು. ಚಿಕ್ಕ ಕೂದಲು, ಗಟ್ಟಿ ದನಿ. ಹೆಸರು, ವಿಳಾಸ, ಹುಟ್ಟಿದ ದಿನ ಕೇಳಿದಳು.

“ಜೂನ್ ಒಂದು,” ಎಂದಳು ಮೌಶಿ ಇಂಗ್ಲಿಷಿನಲ್ಲಿ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಆದರೆ ಅದು ನನ್ನ ಹುಟ್ಟಿದ ದಿನ ಅಲ್ಲ.”

ಹುಡುಗಿಯ ಪೆನ್ನು ನಿಂತಿತು. ಯಾವ ರೋಗಿಗೆ ಯಾವ ಔಷಧ ಹೋಗಬೇಕು ಎನ್ನುವುದರಲ್ಲಿ ತಪ್ಪಾಗದಿರಲೆಂದೇ ಅವರು ಅದನ್ನು ಕೇಳುವುದು. ತಪ್ಪು ಮನುಷ್ಯರ ಮೈಗೆ ವಿಕಿರಣ ಹೋದರೆ ವಾಪಸು ತೆಗೆಯಲು ಬರುವುದಿಲ್ಲ.

“ಮೌಶಿ, ಈಗ ಬ್ಯಾಡ,” ಎಂದೆ ನಾನು.

“ಯಾಕ ಬ್ಯಾಡ? ಸುಳ್ಳು ಹೇಳಲೇನು? ನಾ ಹುಟ್ಟಿದ್ದು ನವರಾತ್ರಿಯೊಳಗ. ಸಾಲಿ ಮಾಸ್ತರು ಜೂನ್ ಒಂದು ಬರಕೊಂಡರು. ನಮ್ಮ ವರ್ಗದಾಗ ಇಪ್ಪತ್ತು ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ.”

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಲು ನಾಲ್ಕು ನಿಮಿಷ ಹಿಡಿಯಿತು. ಹುಡುಗಿ ಒಳಗೆ ಹೋಗಿ ಇನ್ನೊಬ್ಬರನ್ನು ಕೇಳಿಕೊಂಡು ಬಂದಳು. ಪಾಸ್‌ಪೋರ್ಟಿನಲ್ಲಿ ಇರುವುದೇ ಸಾಕು, ನವರಾತ್ರಿ ಬೇಡ ಎಂದು ತೀರ್ಮಾನವಾಯಿತು.

ಆಮೇಲೆ ನಡೆದದ್ದನ್ನು ಮೌಶಿ ಬಹಳ ಗಮನವಿಟ್ಟು ನೋಡಿದಳು. ಹುಡುಗಿ ಪ್ರಶ್ನೆಗಳನ್ನೆಲ್ಲ ಆಚೆ ಬಾಗಿಲ ಹತ್ತಿರ ನಿಂತೇ ಕೇಳಿ ಮುಗಿಸಿದಳು. ಹತ್ತಿ, ಪಟ್ಟಿ, ಸೂಜಿ ಎಲ್ಲವನ್ನೂ ಮೊದಲೇ ತಟ್ಟೆಯಲ್ಲಿ ಜೋಡಿಸಿಕೊಂಡಳು. ಔಷಧದ ಪಿಚಕಾರಿಗೆ ದಪ್ಪ ಲೋಹದ ಕವಚ ಇತ್ತು. ಎಲ್ಲ ಸಿದ್ಧವಾದ ಮೇಲೆ ಹತ್ತಿರ ಬಂದಳು, ಸೂಜಿ ಹಾಕಿದಳು, ಪಟ್ಟಿ ಅಂಟಿಸಿದಳು, ಮೂರು ಹೆಜ್ಜೆ ಹಿಂದೆ ಸರಿದು ನಿಂತು ಉಳಿದ ಮಾತು ಹೇಳಿದಳು.

“ನೋಡಿದ್ಯಾ?” ಎಂದು ಮೌಶಿ ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು. “ಆ ಹುಡುಗಿ ಭಾಳ ಮಡಿ.”

ಔಷಧ ಮೂಳೆ ಸೇರಲು ಮೂರು ಗಂಟೆ ಕಾಯಬೇಕಿತ್ತು. ಕೆಫೆಯ ಮೂಲೆಯಲ್ಲಿ ಕೂತು ಮೌಶಿ ತಂಬಿಗೆಯಿಂದ ಎತ್ತಿ ಎತ್ತಿ ನೀರು ಕುಡಿದಳು. ನಾಲ್ಕು ತಂಬಿಗೆ. ಐದು ಸಲ ಸಂಡಾಸಕ್ಕೆ ಹೋಗಿ ಹಾಳೆಯಲ್ಲಿ ಹೇಳಿದಂತೆ ಪ್ರತಿಸಲವೂ ಎರಡೆರಡು ಬಾರಿ ನೀರು ಬಿಟ್ಟಳು. ಇಷ್ಟು ಚೆನ್ನಾಗಿ ಶುದ್ಧಾಚಾರ ಗೊತ್ತಿರುವ ಆಸ್ಪತ್ರೆ ತಾನು ನೋಡಿಲ್ಲವೆಂದಳು.

ಸ್ಕ್ಯಾನ್ ಮಾಡುವ ಮುಂಚೆ ಅದೇ ಹುಡುಗಿ ಒಂದು ಮಾತು ವಿವರಿಸಿದಳು. ಎಕ್ಸ್‌ರೇಯಲ್ಲಾದರೆ ಯಂತ್ರದಿಂದ ಕಿರಣ ಬರುತ್ತದೆ. ಇಲ್ಲಿ ಕಿರಣ ಬರುವುದು ನಿಮ್ಮಿಂದ, ಈ ಕ್ಯಾಮೆರಾ ಸುಮ್ಮನೆ ನೋಡುತ್ತದೆ. ಮೌಶಿಗೆ ಇದು ಬಹಳ ಹಿಡಿಸಿತು. ಹೊರಬಂದವಳೇ ಕಾಕಾಗೆ ಫೋನ್ ಮಾಡಿದಳು. “ಕೇಳಿದ್ರೇನ್ರೀ? ನಾ ಈಗ ದೀಪ ಇದ್ದಂಗ ಅಂತ. ಕ್ಯಾಮೆರಾ ಬರೇ ನೋಡತದಂತ.”

“ಮೂವತ್ತು ವರ್ಷದಿಂದ ನಾನೂ ಅದನ್ನ ಮಾಡಲಿಕ್ಹತ್ತೀನಿ,” ಎಂದರು ಕಾಕಾ.

ಎರಡು ಗಂಟೆಗೆ ಮನೆಗೆ ಬಂದೆವು. ಎರಡೂವರೆಗೆ ಬಾಗಿಲ ಗಂಟೆ ಬಾರಿಸಿತು. ಅಕ್ಕ. ಅವಳು ಬರಬೇಕಾದದ್ದು ಶನಿವಾರ ಬೆಳಿಗ್ಗೆ. ಆದರೆ ವಾರಾಂತ್ಯಕ್ಕೆ ರೈಲು ಹಳಿಯ ರಿಪೇರಿ ಇದೆ, ಅರ್ಧ ರೈಲು ಬಂದ್ ಎಂದು ಗೊತ್ತಾಗಿ, ಏಳು ತಿಂಗಳ ಹೊಟ್ಟೆ ಹೊತ್ತು ಬದಲಿ ಬಸ್ಸಿನಲ್ಲಿ ಅಲೆಯುವುದು ಬೇಡವೆಂದು ಈಗಲೇ ಬಂದುಬಿಟ್ಟಿದ್ದಳು.

ನಾನು ಗಾಬರಿಯಾಗಿ ಮೌಶಿಯನ್ನು ನೋಡಿದೆ. ಮೌಶಿ ಕೈ ಎತ್ತಿ, “ಹೆದರಬ್ಯಾಡ, ನಾ ನೋಡಕೋತೀನಿ,” ಎಂದು ಮಹಡಿ ಹತ್ತಿದಳು. ಇಳಿದು ಬಂದಾಗ ಮೈಮೇಲೆ ಧಾಬಳಿ ಹೊದ್ದಿದ್ದಳು. ಧಾಬಳಿ ಎಂದರೆ ಮಡಿಗೆ ಉಡುವ ಉಣ್ಣೆಯ ಬಟ್ಟೆ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಎನ್ನುವುದು ನಮ್ಮ ಮನೆತನದ ನಂಬಿಕೆ.

“ಈ ಕಡಿಂದ ಆ ಕಡೆ ಏನೂ ದಾಟೂದಿಲ್ಲ, ಆ ಕಡಿಂದ ಈ ಕಡೆನೂ ದಾಟೂದಿಲ್ಲ,” ಎಂದಳು. “ಪೋರಿ, ನೀ ಲೆಕ್ಕಾ ಇಡು. ಒಂದು ಸಲ ಮುಟ್ಟಿದ್ರೂ ಬರಿ.”

ನಾನು ದಿನಚರಿಯಲ್ಲಿ ‘ಮುಟ್ಟಿದ್ದು’ ಎಂದು ಒಂದು ಸಾಲು ತೆಗೆದು ಅಡಿಗೆರೆ ಎಳೆದೆ.

ಮುಂದಿನ ಹೊತ್ತನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೌಶಿ ಸೋಫಾದ ಮೇಲೆ ಅಕ್ಕನ ಪಕ್ಕದಲ್ಲೇ ಕೂತಳು. ಇಬ್ಬರ ನಡುವೆ ಒಂದು ಗೇಣು ಜಾಗ. ಇಂಡಿಯನ್ ಅಂಗಡಿಗಳಿರುವ ಸೌತ್‌ಹಾಲ್‌ನಿಂದ ತಂದ ಹಸಿರು ಬಳೆಗಳನ್ನು ಒಂದೊಂದಾಗಿ ತೋರಿಸಿದಳು. ಕೊಡುವಾಗ ಕೈಗೆ ಕೊಡದೆ ಸೋಫಾದ ಮೇಲೆ ಇಟ್ಟಳು, ಅಕ್ಕ ಎತ್ತಿಕೊಂಡಳು. ಚಹಾದ ಕಪ್ಪು ನೆಲಕ್ಕಿಟ್ಟಳು, ಬಗ್ಗಲಾಗದ ಅಕ್ಕನಿಗೆ ನಾನು ಎತ್ತಿ ಕೊಟ್ಟೆ. ಅಂಗೈಗೆ ಚಕ್ಕುಲಿ ಮೇಲಿನಿಂದ ಬಿಟ್ಟಳು. ಅಕ್ಕನ ಹೊಟ್ಟೆಯ ಮೇಲೆ ಬಾಗಿ, ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸುತ್ತ, “ಕೂಸು ಈ ಕಡೆ ಅದ, ಗಂಡು,” ಎಂದಳು. ಖಣದ ಅಂಚನ್ನು ಇಬ್ಬರೂ ಒಂದೊಂದು ತುದಿ ಹಿಡಿದು ನೋಡಬೇಕೆಂದಾಗ ನಾನು ಖಣವನ್ನು ನಡುವೆ ಹಾಸಿಟ್ಟು ಸರಿಮಾಡಿದೆ.

ಎರಡು ಮುಕ್ಕಾಲಿನಿಂದ ನಾಲ್ಕರವರೆಗೆ ಹೀಗೆ ನಡೆಯಿತು. ಮುಟ್ಟಿದ್ದು: ಸೊನ್ನೆ. ನನಗೆ ಹೆಮ್ಮೆ ಎನಿಸಿತು. ಆಸ್ಪತ್ರೆಯವರಿಗೆ ಇದನ್ನು ತೋರಿಸಬೇಕು ಅಂದುಕೊಂಡೆ.

ನಾಲ್ಕಕ್ಕೆ ಕಾಕಾ ವಾಕಿಂಗ್ ಮುಗಿಸಿ ಒಳಬಂದರು. ಬಾಗಿಲಲ್ಲೇ ನಿಂತರು.

“ಇಷ್ಟು ಹತ್ತರ ಯಾಕ ಕೂತೀರಿ?”

“ಮುಟ್ಟಿಲ್ಲರೀ,” ಎಂದಳು ಮೌಶಿ. “ಆಡಿಟರ್‌ಗೆ ಕೇಳ್ರಿ. ಒಂದು ಸಲನೂ ಮುಟ್ಟಿಲ್ಲ.”

“ಮುಟ್ಟೂದಕ್ಕೂ ಇದಕ್ಕೂ ಏನು ಸಂಬಂಧ? ನೀನ ಹೇಳಿದಿ, ದೀಪ ಇದ್ದಂಗ ಅಂತ. ದೀಪಾ ಮುಟ್ಟದಿದ್ರ ಬೆಳಕು ಬೀಳೂದಿಲ್ಲೇನು?”

ಮೌಶಿ ಧಾಬಳಿಯನ್ನು ನೋಡಿಕೊಂಡಳು. ಅಕ್ಕ ತನ್ನ ಹೊಟ್ಟೆ ನೋಡಿಕೊಂಡಳು. ನಾನು ಸೊನ್ನೆಯನ್ನು ನೋಡಿದೆ. ಹಾಳೆಯನ್ನು ಓದಿದವಳು ನಾನು, ಕೇಳಿದವಳು ಮೌಶಿ. ದೂರ ಎಂಬ ಮಾತು ಇಬ್ಬರಿಗೂ ಅರ್ಥವಾಗಿತ್ತು. ಆದರೆ ನಮ್ಮ ಮನೆಯಲ್ಲಿ ದೂರ ಇರುವುದೆಂದರೆ ಒಂದು ಗೇಣು ಸಾಕು. ಅದಕ್ಕಿಂತ ಹೆಚ್ಚು ನಾವು ಯಾವತ್ತೂ ಅಳೆದಿಲ್ಲ.

“ಕಾಕಾ, ಏನಾದ್ರೂ ಆಗತದೇನು?” ಎಂದಳು ಅಕ್ಕ.

ಕಾಕಾ ಗಡ್ಡ ಕೆರೆದುಕೊಂಡರು. “ನೋಡೂಣು. ಆಸ್ಪತ್ರೆಯವರಿಗೆ ಒಂದು ಮಾತು ಕೇಳೂಣು.”

ಅಕ್ಕನ ಮುಖ ಬಿಳಿಚಿಕೊಂಡಿತು. ಬಾಯ್ಲರಿಗೆ, ಹಂಚಿಗೆ, ಎಲ್ಲದಕ್ಕೂ ಏನೂ ಆಗೂದಿಲ್ಲ ಎಂದ ಮನುಷ್ಯ ಇವತ್ತು ಅದನ್ನು ಹೇಳಲಿಲ್ಲ! “ಹೇಳ್ರಿ ಕಾಕಾ, ಏನೂ ಆಗೂದಿಲ್ಲಂತ ಹೇಳ್ರಿ,” ಎಂದು ಅಕ್ಕ ಅಳುವ ದನಿಯಲ್ಲಿ ಕೇಳಿದಳು. ಆಮೇಲೆ ಅವರು ಹೇಳಿದರು. ಕೇಳಿ ಹೇಳಿಸಿದ್ದರಿಂದ ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಮೌಶಿ ಅಷ್ಟರಲ್ಲಿ ಎದ್ದು ಮೆಟ್ಟಿಲ ಮೇಲಿನ ತುದಿಗೆ ಹೋಗಿ ಕೂತಿದ್ದಳು. ಇಷ್ಟು ವೇಗವಾಗಿ ಆ ಪಾದದಲ್ಲಿ ಹೇಗೆ ಹತ್ತಿದಳೋ ತಿಳಿಯದು.

ಹಾಳೆಯಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ಬೆಳಿಗ್ಗೆ ಸೂಜಿ ಹಾಕಿದ ಹುಡುಗಿಯೇ ಎತ್ತಿದಳು. ನಾನು ಹೇಳಿದ್ದನ್ನೆಲ್ಲ ಕೇಳಿ, “ನವರಾತ್ರಿಯವರಾ?” ಎಂದಳು. ಹೌದೆಂದೆ. ಎಷ್ಟು ಹತ್ತಿರ, ಎಷ್ಟು ಹೊತ್ತು, ಎಷ್ಟು ತಿಂಗಳು ಎಂದು ಕೇಳಿದಳು. ಹೊತ್ತು ಮಾತ್ರ ನಿಮಿಷದ ಸಮೇತ ನನ್ನ ಹತ್ತಿರ ಇತ್ತು. ಸ್ಪೀಕರ್ ಹಾಕಿಟ್ಟು, ಒಂದು ಸಲವೂ ಮುಟ್ಟಿಲ್ಲ ಎಂದೂ ಸೇರಿಸಿದೆ.

“ಮುಟ್ಟಿದ್ದರೂ ಪರವಾಗಿರಲಿಲ್ಲ,” ಎಂದಳು. “ಸ್ವಲ್ಪ ಇರಿ, ವಿಕಿರಣದ ಲೆಕ್ಕ ನೋಡುವ ನಮ್ಮ ಭೌತಶಾಸ್ತ್ರದವರನ್ನು ಕೇಳುತ್ತೇನೆ.”

ಫೋನಿನಲ್ಲಿ ಸಂಗೀತ ಶುರುವಾಯಿತು. ಅಕ್ಕ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಕಾಕಾ ಅವಳ ಪಕ್ಕದಲ್ಲಿ ಕೂತು, ಏನು ಮಾಡಬೇಕೋ ತಿಳಿಯದೆ, ಚಕ್ಕುಲಿ ತಿನ್ನುತ್ತಿದ್ದರು. ಮೆಟ್ಟಿಲ ಮೇಲಿನಿಂದ ಮೌಶಿ ವಿಷ್ಣುಸಹಸ್ರನಾಮ ಹೇಳುವುದು ಕೇಳಿಸುತ್ತಿತ್ತು. ಆರು ನಿಮಿಷ.

ಹುಡುಗಿ ಮತ್ತೆ ಬಂದಳು. ಚಿಂತೆ ಮಾಡಬೇಡಿ ಎಂದಳು. ಲೆಕ್ಕ ಹಾಕಿ ನೋಡಿದ್ದಾರೆ. ಸೂಜಿ ಹಾಕಿ ಆಗಲೇ ಬಹಳ ಹೊತ್ತಾಗಿತ್ತು, ನೀರೂ ಚೆನ್ನಾಗಿ ಕುಡಿದಿದ್ದರು. ಅಕ್ಕ ವಿಮಾನದಲ್ಲಿ ಇಂಡಿಯಾಕ್ಕೆ ಹೋಗಿ ಬಂದಿದ್ದರೆ ಆಕಾಶದಿಂದ ಬೀಳುತ್ತಿದ್ದ ವಿಕಿರಣಕ್ಕಿಂತ ಇದು ಕಡಿಮೆ. ಮಗುವಿಗೆ ಭಯವಿಲ್ಲ. ಹಾಗೆಂದು ಬೇಕೆಂದೇ ಕೂರುವುದು ಬೇಡ. ನಾಳೆ ಬೆಳಿಗ್ಗೆಯವರೆಗೆ ಎರಡು ಮೀಟರ್ ದೂರ ಇದ್ದರೆ ಆಯಿತು.

ಅಕ್ಕ ಉಸಿರು ಬಿಟ್ಟಳು. ಮೇಲಿನಿಂದ ಮೌಶಿ ಕೂಗಿದಳು, “ಧಾಬಳಿ ತಡೀತದೇನು ಕೇಳು!”

ಕೇಳಿದೆ. “ಯಾವ ಥರದ ಉಣ್ಣೆ?” ಎಂದು ಹುಡುಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ, ಇಲ್ಲ, ಯಾವ ಉಣ್ಣೆಯೂ ತಡೆಯುವುದಿಲ್ಲ ಎಂದಳು.

“ಸ್ನಾನಾ ಮಾಡಿದ್ರ ಹೋಗತದೇನು?”

ಹೋಗುವುದಿಲ್ಲ. ಅದು ಒಳಗಿದೆ. ತಾನಾಗಿ ಆರುತ್ತದೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಕೈ ಚೆನ್ನಾಗಿ ತೊಳೆದುಕೊಂಡರೆ ಸಾಕು.

“ನನ್ನ ಮುಟ್ಟಿದವರಿಂದ ಇನ್ನೊಬ್ಬರಿಗೆ ದಾಟತದೇನು?”

ಇಲ್ಲ. ಅಕ್ಕನನ್ನು ಒಂದು ಸಲ ಅಪ್ಪಿಕೊಂಡು ಹೋದರೂ ತೊಂದರೆ ಇಲ್ಲ. ಹತ್ತಿರ ಕೂತು ಗಂಟೆಗಟ್ಟಲೆ ಮಾತಾಡುವುದು ಬೇಡ, ಅಷ್ಟೇ.

“ಎಲ್ಲಾ ಉಲ್ಟಾ ಅದಲ್ಲ,” ಎಂದಳು ಮೌಶಿ. “ಮುಟ್ಟಬಹುದಂತ, ಕೂಡಬಾರದಂತ.”

ಸಂಜೆ ಇಡೀ ಮೌಶಿ ಮೆಟ್ಟಿಲ ತುದಿಯಿಂದಲೇ ಸಂಸಾರ ನಡೆಸಿದಳು. ಹೂರಣದ ಬೇಳೆ ಬೆಂದಿದೆಯೋ ಇಲ್ಲವೋ ನೋಡಲು ಕಾಕಾ ವಿಡಿಯೋ ಕಾಲ್ ಹಚ್ಚಿ ಫೋನನ್ನು ಪಾತ್ರೆಯ ಮೇಲೆ ಹಿಡಿದರು. ಹಬೆಗೆ ಏನೂ ಕಾಣಲಿಲ್ಲ. “ಹಿಚುಕಿ ನೋಡ್ರಿ, ಹಿಚುಕಿ!” ಎಂದು ಆಕೆ ಫೋನಿನಲ್ಲಿ ಹೇಳಿದ್ದು ಮೆಟ್ಟಿಲಿನಿಂದಲೂ ಕೇಳಿಸಿ ಎರಡೆರಡು ಸಲ ಆಗುತ್ತಿತ್ತು. ಕಾಕಾ ಹೂರಣ ರುಬ್ಬಿದರು, ನಾನು ಕಣಕ ನಾದಿದೆ. ಹೋಳಿಗೆಗಳಲ್ಲಿ ಹದಿನಾಲ್ಕು ಹರಿದವು.

ಆರೂವರೆಗೆ ನಾನು ತಟ್ಟೆ ಹಿಡಿದು ಮೇಲೆ ಹೋದೆ. ಮರೆತು ನೆಲದ ಮೇಲೆ ಇಟ್ಟೆ. ಅಭ್ಯಾಸ. ಮೌಶಿ ತಟ್ಟೆಯನ್ನೇ ನೋಡಿದಳು.

“ಮಡಿಯೊಳಗ ನಾ ಮಂದಿಯಿಂದ ದೂರ ಇರತೀನಿ,” ಎಂದಳು. “ಇವತ್ತ ಮಂದಿ ನನ್ನಿಂದ ದೂರ. ಗೊತ್ತೇನು, ನಾ ಹುಡುಗಿ ಇದ್ದಾಗ ತಿಂಗಳಿಗೆ ಮೂರು ದಿನಾ ನಮ್ಮನ್ನ ಹಿತ್ತಲ ಖೋಲಿಯೊಳಗ ಕೂಡಸ್ತಿದ್ರು. ತಾಟು ಹಿಂಗ ಇಡತಿದ್ರು. ನಿಮ್ಮ ಅವ್ವ ಕದ್ದು ಬಂದು ನನ್ನ ಹತ್ತರ ಕೂಡತಿದ್ಲು.” ತಟ್ಟೆಯನ್ನು ಆಚೆ ಸರಿಸಿ, “ನಾಳೆ ನಾ ಉಡಿ ತುಂಬೂದಿಲ್ಲ. ಮೈಸೂರಿನವರು ತುಂಬಲಿ,” ಎಂದಳು.

“ನಾಳೆಗೆ ಏನೂ ಇರೂದಿಲ್ಲಂತ ಹೇಳ್ಯಾರಲ್ಲ ಮೌಶಿ.”

“ಧಾಬಳಿ ತಡೀತದಂತ ನಾನೂ ಹೇಳಿದ್ದೆ. ನನ್ನ ಮಾತಿನ ಮ್ಯಾಲೆ ನನಗ ಭರೋಸಾ ಇಲ್ಲ.”

ಕೆಳಗಿದ್ದ ಅಕ್ಕನಿಗೆ ಇದು ಕೇಳಿಸಿತು. ಅವಳು ಮೆಟ್ಟಿಲ ಬುಡಕ್ಕೆ ಬಂದು ಕಟಾಂಜನ ಹಿಡಿದು ನಿಂತಳು. ಎರಡು ಮೀಟರಿಗಿಂತ ಹೆಚ್ಚೇ ಇತ್ತು.

“ಮೌಶಿ, ಅಲ್ಲಿ ಅವ್ವ ವೀಸಾ ಇಲ್ಲಂತ ಅಳಲಿಕ್ಹತ್ಯಾಳ. ಇಲ್ಲಿ ನೀ ಒಲ್ಲೆ ಅಂತೀ. ನನಗ ತವರು ಯಾವುದು ಹೇಳು? ನೀ ತುಂಬಲಿಲ್ಲಂದ್ರ ಯಾರೂ ತುಂಬೂದು ಬ್ಯಾಡ. ನಾ ಬರಿ ಉಡಿಲೇ ಇಲ್ಫರ್ಡ್‌ಗೆ ಹೋಗತೀನಿ.”

“ರೈಲಿಲ್ಲ,” ಎಂದರು ಕಾಕಾ ಅಡುಗೆಮನೆಯಿಂದ.

ಅಕ್ಕ ನಗಲಿಲ್ಲ. ಮೌಶಿಯೂ ನಗಲಿಲ್ಲ. ಅವತ್ತಿನ ದಿನಚರಿಯಲ್ಲಿ ಇದರ ಮುಂದೆ ಏನೂ ಬರೆದಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೌಶಿ ಇಳಕಲ್ಲು ಸೀರೆಯುಟ್ಟು ಇಳಿದು ಬಂದಳು. ಆಕೆಯ ಹಿಂದೆ ನಿಂತ ನನ್ನನ್ನು ಕರೆದು, “ತುಂಬತೀನಿ,” ಎಂದಳು. “ಆದ್ರ ಆ ಹುಡುಗಿ ಮಾಡಿದಂಗ. ನೀ ಗಡಿಯಾರ ಹಿಡಿ.”

ಹನ್ನೊಂದಕ್ಕೆ ಹಜಾರ ತುಂಬಿತು. ರೈಲಿಲ್ಲದ್ದರಿಂದ ಎಲ್ಲರೂ ಕಾರಿನಲ್ಲಿ ಬಂದು, ಪಾರ್ಕಿಂಗ್ ಬಗ್ಗೆ ಮಾತಾಡುತ್ತಿದ್ದರು. ಹೆಚ್ಚಿನವರು ಭಾವನ ಕಡೆಯವರು, ಮೈಸೂರು ಬೆಂಗಳೂರಿನವರು. ಮುಂದಾಳು ಭಾವನ ಚಿಕ್ಕಮ್ಮ. ಯಾವ ಶಾಸ್ತ್ರವಾದರೂ ಸರಿಯಾಗಿ ಆಗಬೇಕು ಎನ್ನುವ ಹೆಂಗಸು. ಧಾರವಾಡದ ಕುಬಸ ನೋಡಿಲ್ಲವೆಂದು ಎಲ್ಲರಿಗಿಂತ ಮುಂದೆ ಕೂತಿದ್ದರು.

ಅಕ್ಕ ಹಸಿರು ಸೀರೆ, ಹಸಿರು ಬಳೆ ತೊಟ್ಟು ಕುರ್ಚಿಯಲ್ಲಿ ಕೂತಳು. ಮೌಶಿ ಬಾಗಿಲ ಹತ್ತಿರ ನಿಂತು ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಕೊಂಬು, ಎಲೆ ಅಡಿಕೆ, ಖಣ ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿದಳು. ಒಂದೊಂದನ್ನೂ ಎಣಿಸಿ ನೋಡಿದಳು. ಕೇಳಬೇಕಾದ್ದನ್ನು ಅಲ್ಲಿಂದಲೇ ಕೇಳಿದಳು. “ಸೆರಗು ಸರಿ ಹಿಡದಿ ಏನು? ಹಿಡಿ.” ಆಮೇಲೆ ನನ್ನತ್ತ ಕಣ್ಣು ಹಾಯಿಸಿದಳು. ಸರಸರ ಹತ್ತಿರ ಹೋದಳು, ಕುಂಕುಮ ಹಚ್ಚಿದಳು, ಐದು ಸಲ ಉಡಿಗೆ ಹಾಕಿದಳು, ಮೂರು ಹೆಜ್ಜೆ ಹಿಂದೆ ಸರಿದು ನಿಂತು, ಅಲ್ಲಿಂದಲೇ ಹಾಡಿನ ಸೊಲ್ಲು ಎತ್ತಿಕೊಂಡಳು.

ಇಪ್ಪತ್ತೆರಡು ಸೆಕೆಂಡು. ಮಂದಿ ಬೆರಗಾಗಿ ನೋಡಿದರು.

ಮುಂದಿನ ಸರದಿ ಚಿಕ್ಕಮ್ಮನದು. ಅವರು ತಟ್ಟೆ ಹಿಡಿದು ಬಾಗಿಲ ಹತ್ತಿರವೇ ನಿಂತರು. “ಏನ್ರೀ, ನಿಮ್ಮ ಕಡೆ ಹೀಗೇನಾ? ನಮಗೆ ಗೊತ್ತೇ ಇರ್ಲಿಲ್ಲ ನೋಡಿ,” ಎಂದು ಮೆಲ್ಲಗೆ ಕಾಕಾರನ್ನು ಕೇಳಿದರು.

ಕಾಕಾ ಒಂದಿಷ್ಟೂ ನಗದೆ, “ಹೌದ್ರಿ, ಭಾಳ ಹಳೇ ಪದ್ಧತಿ,” ಎಂದರು.

“ಹಿಂದಕ್ಕೆ ಎಷ್ಟು ಹೆಜ್ಜೆ?”

“ಮೂರರೀ.”

ಚಿಕ್ಕಮ್ಮ ಸೀರೆ ಎತ್ತಿ ಹಿಡಿದು ಓಡಿದ ಹಾಗೆ ಹೋಗಿ, ಉಡಿ ತುಂಬಿ, ಮೂರು ಹೆಜ್ಜೆ ಎಣಿಸಿ ಹಿಂದೆ ಬಂದರು. ಅವರ ಹಿಂದಿನವರೂ ಹಾಗೇ ಮಾಡಿದರು. ಆಮೇಲಿನವರು ಸೋಫಾಕ್ಕೆ ಎಡವಿದರು. ಒಂಬತ್ತು ಮುತ್ತೈದೆಯರು ಒಬ್ಬರ ಹಿಂದೆ ಒಬ್ಬರು ಮುನ್ನುಗ್ಗಿ ಹಿಂದೆ ಸರಿದರು. ಅಕ್ಕ ಸೆರಗು ಹಿಡಿದುಕೊಂಡು ತುಟಿ ಕಚ್ಚಿ, ಹೊಟ್ಟೆ ಕುಲುಕಿಸುತ್ತ ನಗುತ್ತಿದ್ದಳು. ಅಕ್ಕಿ ನೆಲಕ್ಕೆಲ್ಲ ಚೆಲ್ಲಿತು.

ಕೊನೆಯವರು ಮುಗಿಸಿದ ಮೇಲೆ ಅಕ್ಕ ಕೈ ಚಾಚಿ, “ಮೌಶಿ, ಬಾ ಇಲ್ಲೆ,” ಎಂದಳು. ಮೌಶಿ ನನ್ನ ಮುಖ ನೋಡಿದಳು.

“ಸೂಜಿ ಹಾಕಿ ಇಪ್ಪತ್ತಾರು ತಾಸಿನ ಮ್ಯಾಲಾತು,” ಎಂದೆ. “ಕಟ್ಟು ಮುಗದದ.”

ಮೌಶಿ ಹೋಗಿ ಅಕ್ಕನ ಪಕ್ಕ ಕೂತಳು, ಗೇಣಿನ ಜಾಗ ಬಿಡದೆ. ಅಕ್ಕ ಆಕೆಯ ಕೈಯನ್ನು ತೆಗೆದುಕೊಂಡು ಹೊಟ್ಟೆಯ ಮೇಲೆ ಇಟ್ಟಳು. “ಗಂಡು,” ಎಂದಳು ಮೌಶಿ ಕಣ್ಣೊರೆಸಿಕೊಂಡು. ಊಟಕ್ಕೆ ಎಬ್ಬಿಸುವವರೆಗೆ, ಅಂದರೆ ನಲವತ್ತೊಂದು ನಿಮಿಷ, ಆ ಕೈ ಅಲ್ಲೇ ಇತ್ತು. ಹರಿದ ಹೋಳಿಗೆಗಳನ್ನು ಚಿಕ್ಕಮ್ಮ ಅದೂ ಧಾರವಾಡದ ಪದ್ಧತಿಯೆಂದು ತಿಳಿದು ಹೊಗಳಿ ತಿಂದರು.

ಮೌಶಿಯ ಪಾದದಲ್ಲಿ ಸಣ್ಣ ಬಿರುಕು ಸಿಕ್ಕಿತು, ಒಂದು ದಪ್ಪ ಬೂಟು ಹಾಕಿಸಿ ವಾಸಿ ಮಾಡಿದರು. ಮೇ ತಿಂಗಳ ಕೊನೆಗೆ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಮಗು ಆರೋಗ್ಯವಾಗಿದೆ, ಬಹಳ ಕೂಗುತ್ತದೆ. ಗಂಡೆಂದು ಹೇಳಿದ್ದನ್ನು ಮೌಶಿ ಈಗ ಒಪ್ಪಿಕೊಳ್ಳುವುದಿಲ್ಲ. ಎರಡು ಸಲ ಹೇಳಿದ್ದಾಳೆ, ಎರಡಕ್ಕೂ ನನ್ನ ಹತ್ತಿರ ವೇಳೆ ಇದೆ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣವಿದೆ. ಸೆಪ್ಟೆಂಬರಿನಲ್ಲಿ ಇಲ್ಫರ್ಡ್‌ನಲ್ಲಿ ಒಂದು ಸೀಮಂತಕ್ಕೆ ಹೋಗಿದ್ದೆ. ಬೆಂಗಳೂರಿನ ಮನೆಯವರು. ಅಲ್ಲಿದ್ದ ಒಬ್ಬರೂ ನಮ್ಮ ಮನೆಗೆ ಬಂದವರಲ್ಲ. ಮೊದಲನೇ ಹೆಂಗಸು ಬಾಗಿಲ ಹತ್ತಿರ ತಟ್ಟೆ ಜೋಡಿಸಿಕೊಂಡಳು, ಸರಸರ ಹೋದಳು, ಉಡಿ ತುಂಬಿದಳು, ಮೂರು ಹೆಜ್ಜೆ ಹಿಂದೆ ಬಂದಳು. ಯಾಕೆ ಹೀಗೆ ಎಂದು ಕೇಳಿದೆ. “ಉತ್ತರ ಕರ್ನಾಟಕದ ಕಡೆ ಹೀಗಂತೆ. ಮಗೂಗೆ ದೃಷ್ಟಿ ಆಗಲ್ವಂತೆ,” ಎಂದಳು. ಇದನ್ನು ಹೇಳಿದಾಗ ಮೌಶಿ ಸ್ವಲ್ಪ ಹೊತ್ತು ಯೋಚಿಸಿ, “ಇದ್ರೂ ಇರಬಹುದು. ನಮ್ಮ ಅಜ್ಜಿ ಹಿಂಗ ಮಾಡತಿದ್ಲು ಅಂತ ನೆನಪು,” ಎಂದಳು. ಹಾಗಾಗಿ ಈಗ ನನಗೇ ಅನುಮಾನ.

ಸೌತ್‌ಹಾಲ್, ಸಟನ್, ಇಲ್ಫರ್ಡ್ ಅಥವಾ ನಮ್ಮ ನಾಡಿನ ಯಾವುದೇ ಊರಿನಲ್ಲಿ, ಮುಂದೆ ಹೋಗಿ ಉಡಿ ತುಂಬಿ ಮೂರು ಹೆಜ್ಜೆ ಹಿಂದೆ ಸರಿಯುವುದನ್ನು ಯಾರಾದರೂ ನೋಡಿದ್ದರೆ ದಯವಿಟ್ಟು ಬರೆದು ತಿಳಿಸಿ. ಊರು, ತಾರೀಖು, ಹೆಜ್ಜೆ ಎಷ್ಟು ಎನ್ನುವುದನ್ನು ಮರೆಯಬೇಡಿ. ಆ ಮಾರ್ಚ್ ತಿಂಗಳಿಗಿಂತ ಮುಂಚೆ ನೋಡಿದವರು ಸಿಕ್ಕರೆ ಮೌಶಿಗೆ ಬಹಳ ಸಂತೋಷವಾಗುತ್ತದೆ.